ಹದ್ದಿಗೆ ನಳಿಕೆ ನುಂಗಿಸಿದ ರೆಯೋಮ್ಯೂರ್

ಹೈಸ್ಕೂಲಿನಲ್ಲೋ ಪಿಯುಸಿಯಲ್ಲೋ ಉಷ್ಣದ ಪಾಠ ಓದುವಾಗ ಸೆಲ್ಸಿಯಸ್, ಫ್ಯಾರನ್‌ಹೀಟ್ ಜೊತೆಗೆ ಮೂರನೇ ಒಂದು ಹೆಸರೂ ನಮ್ಮಲ್ಲಿ ಹಲವರ ಕಣ್ಣಿಗೆ ಬಿದ್ದಿರುತ್ತದೆ. ನೀರು ಹೆಪ್ಪುಗಟ್ಟುವಾಗ 0, ಕುದಿಯುವಾಗ 80. ಒಂದು ಅಂಕದ ಲೆಕ್ಕಕ್ಕೆ ಅಂತ ಸೂತ್ರ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುವ ಹೆಸರು ಅದು: ರೆಯೋಮ್ಯೂರ್. 80 ಯಾಕೆ, 100 ಯಾಕಲ್ಲ ಅಂತ ಕೇಳುವಷ್ಟು ಪುರುಸೊತ್ತು ನಮಗಿರೋದಿಲ್ಲ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದ ಅನ್ನೋದೂ ಹೊಳೆಯೋದಿಲ್ಲ.

ಆ ಮನುಷ್ಯ ಉಕ್ಕು ಮಾಡುವ ವಿಧಾನ ಬರೆದ, ಗಾಜನ್ನು ಪಿಂಗಾಣಿಯಂತೆ ಮಾಡಿದ, ಜೇನುಗೂಡಿನ ಕೋನಗಳ ಲೆಕ್ಕ ಹಾಕಿಸಿದ, ಕುದುರೆ ಲದ್ದಿಯ ಶಾಖದಲ್ಲಿ ಕೋಳಿಮರಿ ಮಾಡಿಸಿದ. ಕೊನೆಗೆ ಸುಮಾರು 70ನೇ ವಯಸ್ಸಿನಲ್ಲಿ ಒಂದು ಹದ್ದಿಗೆ ತಗಡಿನ ನಳಿಕೆ ನುಂಗಿಸಿ, ತಿಂದ ಅನ್ನ ಹೊಟ್ಟೆಯಲ್ಲಿ ಏನಾಗುತ್ತದೆ ಅನ್ನೋ ಹಳೆಯ ಜಗಳಕ್ಕೆ ಉತ್ತರ ಹುಡುಕಿದ. ಕೋಳಿ, ನಾಯಿ, ಕುರಿಗಳ ಹೊಟ್ಟೆಯ ಬಗ್ಗೆ ಇವತ್ತು ಪಶುವೈದ್ಯರು ಹೇಳುವ ಮಾತುಗಳಿಗೆ ಅಡಿಪಾಯ ಹಾಕಿದವರಲ್ಲಿ ಈತನೂ ಒಬ್ಬ. ನಮ್ಮ ಕಾಲೇಜಿನ ಯಾವ ಬ್ರಾಂಚಿಗೂ ಸೇರದ, ಆದರೆ ಎಲ್ಲ ಬ್ರಾಂಚಿಗೂ ಸಂಬಂಧಪಟ್ಟ ಈ ವ್ಯಕ್ತಿಯ ಕಥೆಯನ್ನು ಈ ಸಂಚಿಕೆಯಲ್ಲಿ ಹೇಳೋಣ ಅನ್ನಿಸಿತು.

ಕಾನೂನು ಓದಿದವ, ಗಣಿತಕ್ಕೆ ಬಂದವ

ರೆನೆ ಆಂಟ್ವಾನ್ ಫೆರ್ಶೋ ದ ರೆಯೋಮ್ಯೂರ್ ಹುಟ್ಟಿದ್ದು 1683ರ ಫೆಬ್ರವರಿ 28ರಂದು, ಫ್ರಾನ್ಸಿನ ಪಶ್ಚಿಮ ಕರಾವಳಿಯ ಲಾ ರೊಶೆಲ್ ಎಂಬ ಬಂದರು ಊರಿನಲ್ಲಿ. ತಂದೆ ಅಲ್ಲಿನ ನ್ಯಾಯಾಲಯದಲ್ಲಿ ನ್ಯಾಯಾಧೀಶ. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡ. ಮನೆಯಲ್ಲಿ ಆಸ್ತಿ ಇತ್ತು, ಹಾಗಾಗಿ ಊಟಕ್ಕೆ ತೊಂದರೆ ಇರಲಿಲ್ಲ. ಮನೆತನದ ದಾರಿಯಲ್ಲೇ ಹೋಗಲಿ ಅಂತ ಹುಡುಗನನ್ನು ಬೂರ್ಜ್ ಎಂಬ ಊರಿಗೆ ಕಾನೂನು ಓದಲು ಕಳಿಸಿದರು. ಓದಿದ, ಆದರೆ ಅದರಲ್ಲಿ ಮನಸ್ಸು ನಿಲ್ಲಲಿಲ್ಲ.

1703ರಲ್ಲಿ ಪ್ಯಾರಿಸ್ಸಿಗೆ ಬಂದ. ಅಲ್ಲಿ ಗಣಿತ ಹಿಡಿಯಿತು. 1708ರಲ್ಲಿ, ಇನ್ನೂ 25 ವರ್ಷ, ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಸೇರಿದ. ಗಣಿತಜ್ಞ ವರಿಗ್ನಾನ್ ಕೈಕೆಳಗೆ ಶಿಷ್ಯ ಸದಸ್ಯನ ಸ್ಥಾನ. ನಾವು ಸ್ಟ್ಯಾಟಿಕ್ಸ್‌ನಲ್ಲಿ ಬಳಸುವ ಮೊಮೆಂಟುಗಳ ಪ್ರಮೇಯದ ವರಿಗ್ನಾನನೇ ಇವನು. ಜ್ಯಾಮಿತಿಯಲ್ಲಿ ಕೆಲವು ಲೇಖನ ಬರೆದ ಮೇಲೆ ರೆಯೋಮ್ಯೂರ್ ದಾರಿ ಬದಲಿಸಿದ. ಕಾಗದದ ಮೇಲಿನ ರೇಖೆಗಳಿಗಿಂತ ಕಣ್ಣಮುಂದಿನ ವಸ್ತುಗಳು ಅವನನ್ನು ಎಳೆದವು.

ಆಗಿನ ಅಕಾಡೆಮಿಗೆ ಸರ್ಕಾರ ಒಂದು ದೊಡ್ಡ ಕೆಲಸ ಒಪ್ಪಿಸಿತ್ತು. ದೇಶದಲ್ಲಿರುವ ಕಸುಬುಗಳನ್ನೆಲ್ಲ, ಅಂದರೆ ಕಮ್ಮಾರಿಕೆ, ಚಿನ್ನದ ಎಳೆ ತೆಗೆಯೋದು, ಕಾಗದ ಮಾಡೋದು, ಚರ್ಮ ಹದ ಮಾಡೋದು, ಎಲ್ಲವನ್ನೂ ಚಿತ್ರ ಸಮೇತ ಬರೆದಿಡಬೇಕು. ಹತ್ತಾರು ವರ್ಷಗಳಿಂದ ಕುಂಟುತ್ತಿದ್ದ ಆ ಕೆಲಸದ ಹೊಣೆ ರೆಯೋಮ್ಯೂರ್ ಹೆಗಲಿಗೆ ಬಂತು. ಕುಲುಮೆಯಿಂದ ಕುಲುಮೆಗೆ, ಕಾರ್ಖಾನೆಯಿಂದ ಕಾರ್ಖಾನೆಗೆ ಓಡಾಟ ಶುರುವಾಯಿತು. ಕಸುಬಿನವರು ತಮ್ಮ ಗುಟ್ಟನ್ನು ಮಗನಿಗೆ ಬಿಟ್ಟು ಯಾರಿಗೂ ಹೇಳದ ಕಾಲ ಅದು. ಆ ಗುಟ್ಟುಗಳನ್ನು ಬಿಚ್ಚಿ ಎಲ್ಲರ ಮುಂದಿಡೋದೇ ಇವನ ಜೀವನದ ಕೆಲಸವಾಯಿತು.

ಉಕ್ಕಿನ ಗುಟ್ಟು

ಮೆಕ್ಯಾನಿಕಲ್ ಗೆಳೆಯರು ಇಲ್ಲಿ ಸ್ವಲ್ಪ ಕಿವಿಗೊಡಬೇಕು. ಆ ಕಾಲದ ಫ್ರಾನ್ಸ್ ಒಳ್ಳೆಯ ಉಕ್ಕನ್ನು ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ಮೆದು ಕಬ್ಬಿಣ ಬೇರೆ, ಬೀಡು ಕಬ್ಬಿಣ ಬೇರೆ, ಉಕ್ಕು ಬೇರೆ ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಯಾಕೆ ಬೇರೆ ಅನ್ನೋದು ಗೊತ್ತಿರಲಿಲ್ಲ. ಉಕ್ಕು ಅಂದರೆ ಇನ್ನಷ್ಟು ಶುದ್ಧವಾದ ಕಬ್ಬಿಣ ಅಂತ ಬಹಳ ಜನ ನಂಬಿದ್ದರು. ರೆಯೋಮ್ಯೂರ್ ಮೆದು ಕಬ್ಬಿಣದ ಪಟ್ಟಿಗಳನ್ನು ಹೊಗೆಮಸಿ, ಇದ್ದಿಲ ಪುಡಿ, ಬೂದಿ, ಉಪ್ಪುಗಳ ಬೇರೆ ಬೇರೆ ಮಿಶ್ರಣದಲ್ಲಿ ಹುದುಗಿಸಿ, ಗಾಳಿ ಆಡದಂತೆ ಮುಚ್ಚಿ, ದಿನಗಟ್ಟಲೆ ಕಾಯಿಸಿದ. ಒಂದೊಂದು ಸಲ ಒಂದೊಂದು ಪದಾರ್ಥ ಬದಲಿಸಿ ಫಲಿತಾಂಶ ಬರೆದುಕೊಂಡ. ಕೊನೆಗೆ ಅವನು ಕಂಡಿದ್ದು ಇಷ್ಟು: ಉಕ್ಕಾಗುವಾಗ ಕಬ್ಬಿಣದಿಂದ ಏನೂ ಹೊರಹೋಗೋದಿಲ್ಲ, ಏನೋ ಒಳಗೆ ಸೇರುತ್ತದೆ. ಉಕ್ಕು ಮೆದು ಕಬ್ಬಿಣ ಮತ್ತು ಬೀಡು ಕಬ್ಬಿಣದ ನಡುವಿನ ಸ್ಥಿತಿ. ಆ ಏನೋ ಅನ್ನೋದು ಕಾರ್ಬನ್ ಅಂತ ತಿಳಿಯಲು ಇನ್ನೂ 60 ವರ್ಷ ಬೇಕಾಯಿತು. ರೆಯೋಮ್ಯೂರ್ ಅದನ್ನು ಗಂಧಕದಂಥ ವಸ್ತು ಮತ್ತು ಲವಣ ಅಂದುಕೊಂಡ. ಹೆಸರು ತಪ್ಪಿತ್ತು, ದಿಕ್ಕು ಸರಿಯಿತ್ತು.

1722ರಲ್ಲಿ ಈ ಎಲ್ಲವೂ ಪುಸ್ತಕವಾಗಿ ಬಂತು. ಅದರಲ್ಲಿ ಮುರಿದ ಉಕ್ಕಿನ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವಿವರ ಇದೆ, ಗಟ್ಟಿತನ ಅಳೆಯಲು ಎರಡು ತುಂಡುಗಳ ಅಂಚನ್ನು ಒಂದಕ್ಕೊಂದು ಅಡ್ಡವಿಟ್ಟು ಒತ್ತಿ ಯಾವುದಕ್ಕೆ ಎಷ್ಟು ಗುರುತು ಬಿತ್ತು ಅಂತ ನೋಡುವ ವಿಧಾನ ಇದೆ. ನಮ್ಮ ಲ್ಯಾಬಿನ ಬ್ರಿನೆಲ್, ರಾಕ್‌ವೆಲ್ ಪರೀಕ್ಷೆಗಳ ಅಜ್ಜ ಅಂತ ಇದನ್ನು ಕರೆದರೆ ತಪ್ಪಿಲ್ಲ. ಬೀಡು ಕಬ್ಬಿಣವನ್ನು ಬಡಿದರೆ ಒಡೆಯದಂತೆ ಹದ ಮಾಡುವ ದಾರಿಯನ್ನೂ ತೋರಿಸಿದ.

ನಮ್ಮ ಕಡೆಯ ಒಂದು ನಂಟೂ ಇಲ್ಲಿದೆ. ಕೈರೋ ಮೂಲಕ ಅವನ ಕೈಗೆ ಭಾರತದ ಮೂಸೆ ಉಕ್ಕಿನ ಗಟ್ಟಿಗಳು ಬಂದಿದ್ದವು. ಅವುಗಳಿಂದ ಒಂದು ಉಪಕರಣ ಮಾಡಿಸೋಣ ಅಂತ ಪ್ಯಾರಿಸ್ಸಿನ ಕಮ್ಮಾರರಿಗೆ ಕೊಟ್ಟರೆ ಯಾರಿಗೂ ಅದನ್ನು ಬಡಿಯಲು ಆಗಲಿಲ್ಲ. ದಕ್ಷಿಣ ಭಾರತದ ಆ ಉಕ್ಕಿಗೆ ಮುಂದೆ ಯುರೋಪಿನವರು ಇಟ್ಟ ವೂಟ್ಜ್ ಅನ್ನೋ ಹೆಸರು ನಮ್ಮ ಉಕ್ಕು ಅನ್ನೋ ಪದದಿಂದಲೇ ಬಂತು ಅಂತ ಹಲವು ವಿದ್ವಾಂಸರು ಹೇಳುತ್ತಾರೆ.

ಈ ಕೆಲಸಕ್ಕೆ ಸರ್ಕಾರ ವರ್ಷಕ್ಕೆ 12,000 ಲೀವ್ರ್ ಪಿಂಚಣಿ ಕೊಟ್ಟಿತು. ಲೀವ್ರ್ ಅಂದರೆ ಆಗಿನ ಫ್ರಾನ್ಸಿನ ನಾಣ್ಯ. ಅದು ದೊಡ್ಡ ಮೊತ್ತ. ತನ್ನ ಕಾಲಾನಂತರ ಆ ಹಣ ಅಕಾಡೆಮಿಗೆ ಹೋಗಿ ಪ್ರಯೋಗಗಳಿಗೆ ಬಳಕೆಯಾಗಲಿ ಅಂತ ರೆಯೋಮ್ಯೂರ್ ಕೇಳಿಕೊಂಡ. ಗುಟ್ಟನ್ನು ಬಯಲು ಮಾಡಿದ್ದಕ್ಕೆ ಗೊಣಗಿದವರೂ ಇದ್ದರು. ಕಷ್ಟಪಟ್ಟು ಕಂಡುಕೊಂಡಿದ್ದನ್ನು ಬೇರೆ ದೇಶದವರೂ ಓದಿಬಿಡುತ್ತಾರಲ್ಲ ಅನ್ನೋದು ಅವರ ತಕರಾರು. ತಿಳಿದದ್ದು ಎಲ್ಲರ ಸೊತ್ತು ಅನ್ನೋ ನಿಲುವಿನಿಂದ ಅವನು ಕದಲಲಿಲ್ಲ.

80 ಎಲ್ಲಿಂದ ಬಂತು?

ಈಗ ಥರ್ಮಾಮೀಟರ್ ವಿಷಯ. 1730ರ ಹೊತ್ತಿಗೆ ಒಬ್ಬೊಬ್ಬ ಕುಶಲಕರ್ಮಿ ಒಂದೊಂದು ಥರ ಥರ್ಮಾಮೀಟರ್ ಮಾಡುತ್ತಿದ್ದ. ಒಂದರ ಅಂಕಿ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ರೆಯೋಮ್ಯೂರ್ ಯೋಚನೆ ಸರಳ. ನೀರು ಹೆಪ್ಪುಗಟ್ಟುವ ಶಾಖದಲ್ಲಿ ಆಲ್ಕೋಹಾಲಿನ ಗಾತ್ರವನ್ನು 1000 ಭಾಗ ಅಂತ ಇಟ್ಟುಕೊಳ್ಳಿ. ಅದು ಹಿಗ್ಗಿ 1001 ಆದರೆ ಒಂದು ಡಿಗ್ರಿ. ಅವನು ಆರಿಸಿಕೊಂಡ ಹದದ ಆಲ್ಕೋಹಾಲು ಕುದಿಯುವ ನೀರಿನ ಶಾಖಕ್ಕೆ 1080 ಆಗುತ್ತಿತ್ತು. ಅದೇ 80. ಅಂದರೆ ಆ ಸಂಖ್ಯೆ ಆಕಾಶದಿಂದ ಬಿದ್ದಿದ್ದಲ್ಲ. ಒಂದು ದ್ರವದ ಹಿಗ್ಗುವಿಕೆಯಿಂದ ಬಂದ ಅಳತೆ. ಮುಂದೆ ಪಾದರಸ ಬಂದಾಗ ದ್ರವ ಬದಲಾಯಿತು, 80 ಮಾತ್ರ ಉಳಿಯಿತು. ಫ್ರಾನ್ಸ್, ಜರ್ಮನಿ, ರಷ್ಯಾಗಳಲ್ಲಿ ಬಹಳ ಕಾಲ ಇದೇ ನಡೆಯಿತು.

ಇದರ ನಡುವೆ ಹುಳುಹುಪ್ಪಟೆ. 1734ರಿಂದ 1742ರವರೆಗೆ ಕೀಟಗಳ ಬಗ್ಗೆ ಆರು ದಪ್ಪ ಸಂಪುಟ ಬರೆದ. ಅದರ ಚಿತ್ರಗಳನ್ನು ಬರೆದವಳು ಎಲೆನ್ ದ್ಯುಮುಸ್ತಿಯೇ ಎಂಬ ಹೆಣ್ಣುಮಗಳು. ಕಣಜದ ಹುಳು ಒಣಮರವನ್ನು ಕೆರೆದು ಅಗಿದು ಕಾಗದದಂಥ ಗೂಡು ಕಟ್ಟೋದನ್ನು ನೋಡಿ, ಚಿಂದಿಬಟ್ಟೆ ಬಿಟ್ಟು ಮರದಿಂದಲೇ ನಾವೂ ಕಾಗದ ಮಾಡಬಹುದಲ್ಲ ಅಂತ 1719ರಲ್ಲೇ ಸೂಚಿಸಿದ್ದ. ಅದು ಕೈಗೂಡಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಜೇನುಗೂಡಿನ ಒಂದು ಕೋಣೆಯ ತಳವನ್ನು ಮೂರು ವಜ್ರಾಕೃತಿಯ ಹಾಳೆಗಳಿಂದ ಮುಚ್ಚುವಾಗ ಮೇಣ ಅತಿ ಕಡಿಮೆ ಖರ್ಚಾಗಲು ಕೋನ ಎಷ್ಟಿರಬೇಕು ಅಂತ ಗಣಿತಜ್ಞ ಕ್ಯೋನಿಗ್‌ಗೆ ಲೆಕ್ಕ ಕೊಟ್ಟ. ಬಂದ ಉತ್ತರ, ಗೂಡಿನಲ್ಲಿ ಅಳೆದ 109 ಡಿಗ್ರಿ 28 ಮಿನಿಟಿಗೆ ಬರೀ 2 ಮಿನಿಟು ಕಡಿಮೆ. ಮುಂದೆ ಮ್ಯಾಕ್ಲಾರಿನ್ ಮತ್ತೆ ಲೆಕ್ಕ ಹಾಕಿದಾಗ ಆ 2 ಮಿನಿಟಿನ ತಪ್ಪು ಕ್ಯೋನಿಗ್‌ನದು, ಜೇನಿನದಲ್ಲ ಅಂತ ತಿಳಿಯಿತು!

ಕೋಳಿಗೂಡಿನ ಕಡೆಗೆ

1749ರಲ್ಲಿ ಕೋಳಿಮರಿ ಮಾಡಿಸುವ ಕಲೆಯ ಬಗ್ಗೆ ಪುಸ್ತಕ ಬರೆದ. ಈಜಿಪ್ಟಿನವರು ಒಲೆಗಳಲ್ಲಿ ಸಾವಿರಾರು ಮೊಟ್ಟೆಗೆ ಒಟ್ಟಿಗೇ ಕಾವು ಕೊಡುತ್ತಾರೆ ಅನ್ನೋ ಸುದ್ದಿ ಯುರೋಪಿಗೆ ಬಂದಿತ್ತು. ಆದರೆ ಶಾಖ ಎಷ್ಟಿರಬೇಕು ಅನ್ನೋದು ಅಲ್ಲಿಯ ಕೆಲಸಗಾರರ ಕೈಹದದಲ್ಲಿತ್ತು, ಬರಹದಲ್ಲಿರಲಿಲ್ಲ. ರೆಯೋಮ್ಯೂರ್ ಕೈಲಿ ಥರ್ಮಾಮೀಟರ್ ಇತ್ತು. ಕಾವಿಗೆ ಕೂತ ಕೋಳಿಯ ಮೈಕೆಳಗಿನ ಶಾಖ ಅಳೆದ. ಅವನ ಮಾಪಕದಲ್ಲಿ 32 ಡಿಗ್ರಿ, ನಮ್ಮ ಲೆಕ್ಕದಲ್ಲಿ 40 ಸೆಲ್ಸಿಯಸ್. ಪೀಪಾಯಿಗಳನ್ನು ಬಿಸಿ ಏಳುತ್ತಿರುವ ಗೊಬ್ಬರದ ರಾಶಿಯಲ್ಲಿ ಹೂತು, ಒಳಗೆ ಮೊಟ್ಟೆ ಇಟ್ಟು, ಗಾಳಿಕಿಂಡಿ ತೆಗೆದು ಮುಚ್ಚಿ ಅದೇ ಶಾಖ ಕಾಯ್ದುಕೊಂಡ. ಮರಿಗಳು ಒಡೆದು ಬಂದವು. ನಾವಿವತ್ತು ಕಂಟ್ರೋಲ್ ಸಿಸ್ಟಂ ಅನ್ನೋದನ್ನು ಅವನು ಗೊಬ್ಬರದ ತಿಪ್ಪೆಯಲ್ಲಿ ಕೈಯಿಂದ ಮಾಡುತ್ತಿದ್ದ.

ಅಂಗಳದ ತುಂಬ ಕೋಳಿ, ಬಾತು, ಟರ್ಕಿ ಕೋಳಿ ಸಾಕಿದವನಿಗೆ ಮುಂದಿನ ಪ್ರಶ್ನೆ ತಾನಾಗಿ ಬಂತು. ಕೋಳಿಗೆ ಹಲ್ಲಿಲ್ಲ. ಗಟ್ಟಿ ಕಾಳನ್ನು ಹಾಗೇ ನುಂಗುತ್ತದೆ. ಜೊತೆಗೆ ಸಣ್ಣ ಕಲ್ಲನ್ನೂ ಹೆಕ್ಕಿ ನುಂಗುತ್ತದೆ. ಹಳ್ಳಿ ಕಡೆಯವರೆಲ್ಲ ಇದನ್ನು ನೋಡಿರ್ತಾರೆ. ಹಾಗಾದರೆ ಕಾಳು ಕರಗೋದು ಹೇಗೆ?

ಬೀಸುಕಲ್ಲೋ, ಪಾತ್ರೆಯೋ?

ಆ ಕಾಲಕ್ಕೆ ಈ ಪ್ರಶ್ನೆಯ ಮೇಲೆ ವೈದ್ಯರು ಎರಡು ಗುಂಪಾಗಿದ್ದರು. ಒಂದು ಗುಂಪಿನ ಪ್ರಕಾರ ಹೊಟ್ಟೆ ಒಂದು ಬೀಸುಕಲ್ಲು. ಮಾಂಸಖಂಡದ ಗೋಡೆ ಹಿಂಡಿ, ಉಜ್ಜಿ, ಅರೆದು ಆಹಾರವನ್ನು ನುಣ್ಣಗೆ ಮಾಡುತ್ತದೆ, ಅಷ್ಟೇ ಜೀರ್ಣ. ಇಟಲಿಯ ಬೊರೆಲ್ಲಿ ಈ ಕಡೆಯವನು. ದೇಹವೆಲ್ಲ ಸನ್ನೆಕೋಲು, ರಾಟೆಗಳ ಯಂತ್ರ ಅನ್ನೋದು ಅವನ ನಂಬಿಕೆ. ಫ್ಲಾರೆನ್ಸಿನ ವಿದ್ವಾಂಸರು ಕೋಳಿ, ಬಾತುಗಳಿಗೆ ಟೊಳ್ಳು ಗಾಜಿನ ಗುಂಡು ನುಂಗಿಸಿ ಅವು ಪುಡಿಪುಡಿಯಾಗೋದನ್ನು ಕಂಡಿದ್ದರು. ಇನ್ನೊಂದು ಗುಂಪಿನ ಪ್ರಕಾರ ಹೊಟ್ಟೆ ಒಂದು ಪಾತ್ರೆ. ಒಳಗೆ ಹುಳಿ ಹಿಡಿಸುವ ಏನೋ ಒಂದಿದೆ, ಅದು ಆಹಾರವನ್ನು ಬದಲಿಸುತ್ತದೆ. ಬೆಲ್ಜಿಯಂ ಕಡೆಯ ವಾನ್ ಹೆಲ್ಮಾಂಟ್ ಈ ಕಡೆಯವನು. ಇನ್ನು ಕೆಲವರಿಗೆ ಜೀರ್ಣ ಅಂದರೆ ಒಳಗೇ ಕೊಳೆಯೋದು, ಅಷ್ಟೆ.

ಎಲ್ಲರ ಬಳಿಯೂ ವಾದವಿತ್ತು. ಎರಡನ್ನೂ ಬೇರೆ ಮಾಡಿ ನೋಡುವ ಉಪಾಯ ಯಾರ ಬಳಿಯೂ ಇರಲಿಲ್ಲ. ಯಾಕಂದರೆ ಹೊಟ್ಟೆಯೊಳಗೆ ಒತ್ತಡವೂ ಇದೆ, ರಸವೂ ಇದೆ, ಶಾಖವೂ ಇದೆ. ಮೂರೂ ಒಟ್ಟಿಗೇ ಕೆಲಸ ಮಾಡುವಾಗ ಯಾವುದರಿಂದ ಏನಾಯಿತು ಅಂತ ಹೇಳೋದು ಹೇಗೆ? ಉಕ್ಕಿನ ಮಿಶ್ರಣದಲ್ಲಿ ಒಂದೊಂದೇ ಪದಾರ್ಥ ಬದಲಿಸುತ್ತಾ ಕೂತಿದ್ದವನಿಗೆ ಈ ತೊಡಕು ಹೊಸದಲ್ಲ. ಒಂದನ್ನು ತಡೆ, ಉಳಿದದ್ದನ್ನು ಬಿಡು. ರೆಯೋಮ್ಯೂರ್ ಎರಡೂ ತುದಿ ತೆರೆದ ಪುಟ್ಟ ಲೋಹದ ನಳಿಕೆಗಳನ್ನು ಮಾಡಿಸಿದ. ನಳಿಕೆಯ ಗೋಡೆ ಒತ್ತಡವನ್ನು ತಡೆಯುತ್ತದೆ. ತೆರೆದ ಬಾಯಿ ರಸವನ್ನು ಒಳಬಿಡುತ್ತದೆ. ಇಡೀ ಕಥೆಯ ಜಾಣತನ ಇರೋದು ಈ ಒಂದು ನಳಿಕೆಯಲ್ಲಿ.

ಮೊದಲು ಕಾಳು ತಿನ್ನುವ ಹಕ್ಕಿಗಳು. ಗಾಜಿನ ನಳಿಕೆ ಟರ್ಕಿ ಕೋಳಿಯ ಹೊಟ್ಟೆಯಲ್ಲಿ ಚೂರುಚೂರಾಯಿತು. ತಗಡಿನ ನಳಿಕೆ ಚಪ್ಪಟೆಯಾಯಿತು, ಸುರುಳಿ ಸುತ್ತಿತು. ಅಂಥದ್ದೇ ನಳಿಕೆಯನ್ನು ಹೊರಗೆ ಚಪ್ಪಟೆ ಮಾಡಲು ಎಷ್ಟು ತೂಕ ಬೇಕು ಅಂತ ಪರೀಕ್ಷಿಸಿದ. ಲೆಕ್ಕ ನೂರಾರು ಪೌಂಡಿಗೆ ಹೋಯಿತು. ಕೊನೆಗೆ ಆ ಹೊಟ್ಟೆಗೂ ಬಗ್ಗದ ಗಟ್ಟಿ ನಳಿಕೆಯಲ್ಲಿ ಬಾರ್ಲಿ ಕಾಳು ತುಂಬಿ ನುಂಗಿಸಿದ. ನಳಿಕೆ ಉಳಿಯಿತು, ಒಳಗಿನ ಕಾಳೂ ಹೆಚ್ಚುಕಡಿಮೆ ಹಾಗೇ ಉಳಿಯಿತು. ಬೀಸುಕಲ್ಲಿನ ಕಡೆಯವರು ಗೆದ್ದರು ಅಂತ ಇಲ್ಲಿಗೇ ನಿಲ್ಲಿಸಬಹುದಿತ್ತು.

ಆದರೆ ಎಲ್ಲ ಪ್ರಾಣಿಗಳ ಹೊಟ್ಟೆಯೂ ಹೀಗೇ ದಪ್ಪಗೆ ಇರೋದಿಲ್ಲ. ಮಾಂಸ ತಿನ್ನುವ ಹಕ್ಕಿಯ ಹೊಟ್ಟೆ ತೆಳು ಚೀಲ. ಅಲ್ಲಿ ಅರೆಯೋದು ಯಾರು? ರೆಯೋಮ್ಯೂರ್ ಬಳಿ ಸಾಕಿದ ಒಂದು ಹದ್ದು ಇತ್ತು. ಹದ್ದಿಗೆ ಒಂದು ಅನುಕೂಲದ ಗುಣ ಇದೆ: ಜೀರ್ಣವಾಗದ ಕೂದಲು, ಗರಿಗಳನ್ನು ಉಂಡೆ ಮಾಡಿ ವಾಂತಿ ಮಾಡುತ್ತದೆ. ಅಂದರೆ ಹಕ್ಕಿಯನ್ನು ಕೊಲ್ಲದೆ ನಳಿಕೆ ವಾಪಸ್ ಸಿಗುತ್ತದೆ. ಮಾಂಸದ ತುಂಡು ತುಂಬಿ, ಜಾರಿ ಬೀಳದಂತೆ ಬಾಯಿಗೆ ದಾರ ಸುತ್ತಿ ನುಂಗಿಸಿದ. ಹದ್ದು ನಳಿಕೆಯನ್ನು ಉಗುಳಿತು. ನಳಿಕೆಯ ಮೇಲೆ ಒಂದು ನೆಗ್ಗೂ ಇರಲಿಲ್ಲ. ಒಳಗಿನ ಮಾಂಸ ಮಾತ್ರ ಸವೆದು, ಮೆತ್ತಗಾಗಿ, ಬಹಳಷ್ಟು ಕರಗಿಹೋಗಿತ್ತು. ಕೊಳೆತ ವಾಸನೆ ಬರಲಿಲ್ಲ. ಮೂಳೆ ಇಟ್ಟು ನೋಡಿದ, ಅದೂ ಕರಗಿತು. ಕಾಳು, ಸೊಪ್ಪು ಇಟ್ಟರೆ ಹೆಚ್ಚೇನೂ ಆಗಲಿಲ್ಲ. ಒತ್ತಡ ಇಲ್ಲದೆ, ಕೊಳೆಯದೆ, ಬರೀ ರಸದಿಂದ ಮಾಂಸ ಕರಗಬಹುದು ಅಂತ ಮೊದಲ ಸಲ ಕಣ್ಣಿಗೆ ಕಾಣುವ ಪುರಾವೆ ಸಿಕ್ಕಿತ್ತು.

ಮುಂದಿನ ಹೆಜ್ಜೆ ಇನ್ನೂ ಚಂದ. ಆ ರಸವನ್ನೇ ಹೊರಗೆ ತೆಗೆದರೆ? ನಳಿಕೆಯೊಳಗೆ ಮಾಂಸದ ಬದಲು ಸ್ಪಂಜಿನ ಚೂರು ಇಟ್ಟ. ಹದ್ದು ಉಗುಳಿದ ಮೇಲೆ ಸ್ಪಂಜನ್ನು ಹಿಂಡಿದ. ಬಂದ ರಸ ನೀಲಿ ಕಾಗದವನ್ನು ಕೆಂಪು ಮಾಡಿತು, ಅಂದರೆ ಆಮ್ಲ. ಅದರಲ್ಲಿ ಮಾಂಸದ ಚೂರು ಹಾಕಿ ಮೈಶಾಖದಷ್ಟು ಬೆಚ್ಚಗಿಟ್ಟ. ಮಾಂಸ ಮೆತ್ತಗಾಯಿತು, ಕೊಳೆಯಲಿಲ್ಲ. ಆದರೆ ಪೂರ್ತಿ ಕರಗಲೂ ಇಲ್ಲ. ಸಿಕ್ಕ ರಸ ಸ್ವಲ್ಪ, ಇನ್ನಷ್ಟು ಬೇಕಿತ್ತು. ಅಷ್ಟರಲ್ಲಿ ಹದ್ದು ಸತ್ತುಹೋಯಿತು.

ನಾಯಿ, ಕುರಿ ಮತ್ತು ಅರ್ಧ ಉತ್ತರ

ನಾಯಿಯ ಮೇಲೂ ಕುರಿಯ ಮೇಲೂ ಪ್ರಯೋಗ ನಡೆಸಿದ. ಇವು ಹದ್ದಿನ ಹಾಗೆ ನಳಿಕೆ ವಾಪಸ್ ಕೊಡೋದಿಲ್ಲ. ಪ್ರಾಣಿಯನ್ನು ಕೊಂದು ನೋಡಬೇಕಿತ್ತು. ಇವತ್ತಾದರೆ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಇಂಥದ್ದು ಸಾಧ್ಯವಿಲ್ಲ, ಮತ್ತು ಅದೇ ಸರಿ. ನಾಯಿಯ ಹೊಟ್ಟೆಯಲ್ಲಿ ಮೂಳೆ ಸವೆದು ಸಣ್ಣದಾಗಿತ್ತು, ಹದ್ದಿನ ಥರವೇ. ಕುರಿಗೆ ಹುಲ್ಲು ತುಂಬಿದ ನಳಿಕೆ ಕೊಟ್ಟರೆ ಹುಲ್ಲು ಹೆಚ್ಚುಕಡಿಮೆ ಹುಲ್ಲಾಗೇ ಉಳಿದಿತ್ತು.

ಯಾಕೆ ಹೀಗಾಯಿತು ಅಂತ ಈಗ ನಮಗೆ ಗೊತ್ತು. ಕೋಳಿಗೆ ಹೊಟ್ಟೆ ಎರಡು ಭಾಗ. ಮೊದಲನೆಯದರಲ್ಲಿ ಆಮ್ಲ ಮತ್ತು ಕಿಣ್ವ ಸುರಿಯುತ್ತದೆ. ಎರಡನೆಯದು, ಗಿಝಾರ್ಡ್ ಅನ್ನೋ ದಪ್ಪ ಮಾಂಸಖಂಡದ ಚೀಲ, ನುಂಗಿದ ಕಲ್ಲುಗಳ ಜೊತೆ ಕಾಳನ್ನು ಅರೆಯುತ್ತದೆ. ಹಲ್ಲಿನ ಕೆಲಸ ಹೊಟ್ಟೆಗೆ ಬಂದಿದೆ, ಅಷ್ಟೆ. ಅರೆದ ಮೇಲೆ ರಸದ ಕೆಲಸ ಇದ್ದೇ ಇದೆ. ಸಿಪ್ಪೆ ಒಡೆಯದ ಬಾರ್ಲಿ ನಳಿಕೆಯೊಳಗೆ ಹಾಗೇ ಉಳಿದದ್ದು ರಸ ಇಲ್ಲ ಅಂತಲ್ಲ, ರಸಕ್ಕೆ ದಾರಿ ಇರಲಿಲ್ಲ ಅಂತ. ನಾಯಿಯ ಹೊಟ್ಟೆ ಒಂದೇ ಚೀಲ, ಆದರೆ ಆಮ್ಲ ಬಲು ಜೋರು. ಮೂಳೆಯ ಸುಣ್ಣವನ್ನೂ ಕರಗಿಸುತ್ತದೆ.

ಕುರಿ, ದನಗಳದ್ದು ಇವೆಲ್ಲಕ್ಕಿಂತ ಬೇರೆ. ನಾಲ್ಕು ಕೋಣೆ. ಮೊದಲನೆಯದು ರೂಮೆನ್, ದೊಡ್ಡ ಹಸುವಿನಲ್ಲಿ ಅದು ನೂರು ಲೀಟರಿಗೂ ಮೀರಿದ ತೊಟ್ಟಿ. ಅಲ್ಲಿ ಹಸುವಿನ ಸ್ವಂತ ಜೀರ್ಣರಸವೇ ಇಲ್ಲ. ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಹುಳಿ ಹಿಡಿಸಿ ಒಡೆಯುತ್ತವೆ. ಬಯೋಟೆಕ್, ಕೆಮಿಕಲ್ ಗೆಳೆಯರು ಗಮನಿಸಿ: ಸುಮಾರು 39 ಡಿಗ್ರಿಯಲ್ಲಿ, ಗಾಳಿಯ ಆಮ್ಲಜನಕ ಇಲ್ಲದೆ, ಹಗಲಿರುಳು ನಡೆಯುವ ಫರ್ಮೆಂಟರ್ ಅದು. ಹುಳಿ ಮಿತಿಮೀರದಂತೆ ಸಮ ಮಾಡೋದು ಜೊಲ್ಲು. ಹಸು ದಿನಕ್ಕೆ ನೂರು ಲೀಟರಿನಷ್ಟು ಜೊಲ್ಲು ನುಂಗುತ್ತದೆ. ನಂತರ ಮಲಗಿಕೊಂಡು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕಿ ಮತ್ತೆ ಅಗಿಯುತ್ತದೆ. ನಾಲ್ಕನೇ ಕೋಣೆಗೆ ಹೋದಾಗ ಮಾತ್ರ ನಮ್ಮ ಹೊಟ್ಟೆಯಂಥ ಆಮ್ಲ ಸಿಗೋದು. ಕುದುರೆಯ ಏರ್ಪಾಡು ತಿರುಗುಮುರುಗು: ಮೊದಲು ಸಣ್ಣ ಹೊಟ್ಟೆಯ ಆಮ್ಲ, ಹುಳಿ ಹಿಡಿಸುವ ತೊಟ್ಟಿ ಕೊನೆಯಲ್ಲಿ, ದೊಡ್ಡ ಕರುಳಿನಲ್ಲಿ. ಅದಕ್ಕೇ ಕುದುರೆಗೆ ಮೆಲುಕೂ ಇಲ್ಲ. ರೆಯೋಮ್ಯೂರ್ ತನ್ನ ನಳಿಕೆಯಲ್ಲಿ ಇಟ್ಟ ಹುಲ್ಲನ್ನು ಕುರಿ ಅಗಿದಿರಲಿಲ್ಲ, ಮೆಲುಕೂ ಹಾಕಲಾಗಲಿಲ್ಲ. ಸೂಕ್ಷ್ಮಜೀವಿಗಳಿಗೆ ಸಮಯವೂ ಸಾಲಲಿಲ್ಲ.

ಹಾಗಾಗಿ 1752ರಲ್ಲಿ ಹಕ್ಕಿಗಳ ಜೀರ್ಣಕ್ರಿಯೆಯ ಬಗ್ಗೆ ಅವನು ಕೊಟ್ಟ ಎರಡು ಪ್ರಬಂಧಗಳ ತೀರ್ಮಾನ ಯಾವ ಗುಂಪಿಗೂ ಪೂರ್ತಿ ಖುಷಿ ಕೊಡುವಂಥದ್ದಾಗಿರಲಿಲ್ಲ. ದಪ್ಪ ಹೊಟ್ಟೆಯ ಹಕ್ಕಿಯಲ್ಲಿ ಅರೆಯೋದು ಮುಖ್ಯ, ತೆಳು ಹೊಟ್ಟೆಯದರಲ್ಲಿ ಕರಗಿಸೋದು ಮುಖ್ಯ. ಒಂದೇ ನಿಯಮಕ್ಕೆ ಎಲ್ಲ ಪ್ರಾಣಿಯನ್ನೂ ತುರುಕುವ ಆಸೆಯನ್ನು ಅವನು ಬಿಟ್ಟ. ಕೋಳಿಯ ವಿಷಯದಲ್ಲಿ ರಸಕ್ಕೆ ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲ ಅನ್ನೋದೂ ನಿಜ. ಆ ಕೊರತೆ ತುಂಬಿದವನು ಇಟಲಿಯ ಸ್ಪಲ್ಲಂಜಾನಿ. ಅದೇ ನಳಿಕೆ, ಅದೇ ಸ್ಪಂಜು ಹಿಡಿದು ನೂರಾರು ಪ್ರಯೋಗ ಮಾಡಿದ. ಕುರಿಗೆ ಅಗಿದ ಹುಲ್ಲನ್ನು ನಳಿಕೆಯಲ್ಲಿ ಇಟ್ಟು ಕೊಟ್ಟು ಅದು ಕರಗೋದನ್ನು ತೋರಿಸಿದ. ತಾನೇ ಬಟ್ಟೆಯ ಚೀಲ, ಮರದ ನಳಿಕೆ ನುಂಗಿದ. ಹೊಟ್ಟೆಯ ರಸದ ಸೀಸೆಯನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು ದೇಹದ ಹೊರಗೂ ಮಾಂಸ ಕರಗುತ್ತದೆ ಅಂತ ಸಾಧಿಸಿದ. 1780ರಲ್ಲಿ ಅದು ಪ್ರಕಟವಾಯಿತು. ಆ ಆಮ್ಲ ಹೈಡ್ರೋಕ್ಲೋರಿಕ್ ಆಮ್ಲ ಅಂತ 1824ರ ಹೊತ್ತಿಗೆ ಇಂಗ್ಲೆಂಡಿನ ಪ್ರೌಟ್ ತೋರಿಸಿದ. 1836ರಲ್ಲಿ ಜರ್ಮನಿಯ ಶ್ವಾನ್ ಪೆಪ್ಸಿನ್ ಕಂಡುಹಿಡಿದ. ಎಲ್ಲಕ್ಕೂ ಮೂಲ ಎಳೆ ಆ ಹದ್ದು ಉಗುಳಿದ ನಳಿಕೆ.

ಕೊನೆಯ ವರ್ಷಗಳು

ಆ ಹೊತ್ತಿಗೆ ಪ್ಯಾರಿಸ್ಸಿನ ಗಾಳಿ ಬದಲಾಗಿತ್ತು. ರಾಜನ ಉದ್ಯಾನದ ಮುಖ್ಯಸ್ಥ ಬಫಾನ್ ಹೊಸ ತಾರೆ. ಅವನ ಬರವಣಿಗೆ ಸೊಗಸು, ಸಿದ್ಧಾಂತಗಳು ದೊಡ್ಡವು. ನೊಣ, ಹುಳುಗಳ ಮೇಲೆ ಸಂಪುಟಗಟ್ಟಲೆ ಬರೆಯುವ ಮುದುಕ ಅವನಿಗೆ ಹಾಸ್ಯದ ವಸ್ತು. ರೆಯೋಮ್ಯೂರ್‌ಗೆ ಪ್ರಯೋಗ ಇಲ್ಲದ ಸಿದ್ಧಾಂತಗಳ ಮೇಲೆ ನಂಬಿಕೆ ಇರಲಿಲ್ಲ. ಇಬ್ಬರಿಗೂ ಸರಿಹೋಗಲಿಲ್ಲ. ಇನ್ನೊಂದು ಕಡೆ, ಕಸುಬುಗಳ ವಿವರಣೆಗಾಗಿ ಅವನು ವರ್ಷಗಟ್ಟಲೆ ಬರೆಸಿದ್ದ ಚಿತ್ರಗಳನ್ನು 1751ರಿಂದ ಬರತೊಡಗಿದ ದೊಡ್ಡ ವಿಶ್ವಕೋಶದವರು ಕೇಳದೇ ಬಳಸಿಕೊಂಡರು ಅನ್ನೋ ಆರೋಪ ಎದ್ದಿತು. ಎಲ್ಲರ ಗುಟ್ಟನ್ನು ಬಿಚ್ಚಿಟ್ಟವನ ಸ್ವಂತ ಕೆಲಸ ಅವನ ಕಾಲದಲ್ಲಿ ಅಚ್ಚಾಗಲೇ ಇಲ್ಲ. ಅಕಾಡೆಮಿಯ ಕಸುಬಿನ ಸಂಪುಟಗಳು ಹೊರಬರಲು ಶುರುವಾಗಿದ್ದು 1761ರಲ್ಲಿ.

ಅದಕ್ಕೆ ನಾಲ್ಕು ವರ್ಷ ಮೊದಲು, 1757ರ ಅಕ್ಟೋಬರ್‌ನಲ್ಲಿ, ತನ್ನ ಹಳ್ಳಿಯ ಎಸ್ಟೇಟಿನಲ್ಲಿ ಕುದುರೆಯಿಂದ ಬಿದ್ದು ರೆಯೋಮ್ಯೂರ್ ತೀರಿಕೊಂಡ. ವಯಸ್ಸು 74. ಮದುವೆ ಆಗಿರಲಿಲ್ಲ. ಆಸ್ತಿಯನ್ನು ಕೀಟಗಳ ಚಿತ್ರ ಬರೆದ ಎಲೆನ್ ದ್ಯುಮುಸ್ತಿಯೇ ಹೆಸರಿಗೆ ಬರೆದಿದ್ದ. ನೂರಕ್ಕೂ ಹೆಚ್ಚು ಕಡತಗಳಷ್ಟು ಹಸ್ತಪ್ರತಿ ಮತ್ತು ದೊಡ್ಡ ಪ್ರಾಣಿಸಂಗ್ರಹ ಅಕಾಡೆಮಿಗೆ ಸೇರಿದವು. ಸಂಗ್ರಹ ಕೊನೆಗೆ ಹೋಗಿ ಮುಟ್ಟಿದ್ದು ರಾಜನ ಉದ್ಯಾನಕ್ಕೆ, ಅಂದರೆ ಬಫಾನ್ ಕೈಗೆ. ಹಸ್ತಪ್ರತಿಗಳು ಕಪಾಟಿನಲ್ಲಿ ಕೂತವು. ಇರುವೆಗಳ ಬಗ್ಗೆ ಅವನು ಬರೆದಿಟ್ಟಿದ್ದು ಅಚ್ಚಾಗಿದ್ದು 1926ರಲ್ಲಿ, ಬರೆದವನು ಸತ್ತು 169 ವರ್ಷ ಆದ ಮೇಲೆ, ಅದೂ ಅಮೆರಿಕದಲ್ಲಿ.

ಇವತ್ತು ದನದ ಮೇವು ಎಷ್ಟು ಜೀರ್ಣವಾಗುತ್ತದೆ ಅಂತ ನೋಡಲು ಸಂಶೋಧಕರು ನೈಲಾನಿನ ಪುಟ್ಟ ಚೀಲದಲ್ಲಿ ಮೇವು ತುಂಬಿ, ಹಸುವಿನ ರೂಮೆನ್ನಿಗೆ ಇಳಿಬಿಟ್ಟು, ಗಂಟೆಗಳ ಲೆಕ್ಕದಲ್ಲಿ ಹೊರತೆಗೆದು ತೂಕ ನೋಡುತ್ತಾರೆ. ಚೀಲದ ಸಣ್ಣ ಕಣ್ಣುಗಳು ರಸವನ್ನೂ ಸೂಕ್ಷ್ಮಜೀವಿಯನ್ನೂ ಒಳಬಿಡುತ್ತವೆ, ಮೇವನ್ನು ಹೊರಬಿಡೋದಿಲ್ಲ. ತಗಡು ಹೋಗಿ ನೈಲಾನ್ ಬಂದಿದೆ, ಉಪಾಯ ಅದೇ. ಹೈನುಗಾರನ ಕೊಟ್ಟಿಗೆಗೆ ಬರುವ ಪಶು ಆಹಾರ ತಯಾರಿಸುವವರು ನೆಚ್ಚುವ ಅಂಕಿಗಳಲ್ಲಿ ಕೆಲವು ಹೀಗೆ ಸಿಕ್ಕವು.

ಮುಂದಿನ ಸಲ ಲ್ಯಾಬಿನಲ್ಲಿ ಮೂರು ಕಾರಣ ಒಟ್ಟಿಗೇ ಕಲಸಿಕೊಂಡು ಯಾವುದರಿಂದ ಏನಾಯಿತು ಅಂತ ತಿಳಿಯದೆ ಕೂತಾಗ, ಒಂದನ್ನು ತಡೆದು ಉಳಿದದ್ದನ್ನು ಬಿಡುವ ಒಂದು ನಳಿಕೆ ಎಲ್ಲಿ ಸಿಗುತ್ತದೆ ಅಂತ ನಾವೂ ಹುಡುಕಬಹುದು. ಹಾಗೇ, 80 ಯಾಕೆ ಅಂತ ಜೂನಿಯರ್ ಯಾರಾದರೂ ಕೇಳಿದರೆ ಹೇಳಲು ಈಗ ನಮ್ಮ ಹತ್ತಿರ ಒಂದು ಉತ್ತರವೂ ಇದೆ.